ಗಡ್ಡದ ಮರೆಯ ಮೊಡವೆಗಳು

ಸೌದಿಯ ರಾಬಿಗ್‌ನ ನಮ್ಮ ಕ್ಯಾಂಪಿನ ಬಚ್ಚಲಿನಲ್ಲಿ ಕನ್ನಡಿಯ ಕೆಳಗೆ ಒಂದು ಚಿಕ್ಕ ಗಾಜಿನ ಹಲಗೆಯಿದೆ. ಎಡಗಡೆಯ ಅರ್ಧ ನನ್ನ ರೂಮಿನ ಜೊತೆಗಾರ ಪ್ರಭಾಕರಣ್ಣನದು, ಬಲಗಡೆಯದು ನನ್ನದು. ಅವರ ಭಾಗದಲ್ಲಿ ಒಂದು ಬ್ರಷ್ಷು, ಒಂದು ಪೇಸ್ಟು, ತಲೆಗೆ ಹಾಕುವ ಎಣ್ಣೆಯ ಒಂದು ಬಾಟ್ಲಿ, ಅಷ್ಟೆ. ನನ್ನ ಭಾಗದಲ್ಲಿ ಕಾಲಿಡಲು ಜಾಗವಿಲ್ಲ. ಮುಖ ತೊಳೆಯುವ ದ್ರವ, ಬಿಸಿಲಿಗೆ ಹಚ್ಚುವ ಕ್ರೀಮು, ಚರ್ಮ ಒಣಗದ ಹಾಗೆ ಹಚ್ಚುವ ಇನ್ನೊಂದು ಕ್ರೀಮು, ರೇಜರು, ಮತ್ತು ಬಾಲದಿಂದ ಸುರುಟಿಕೊಂಡು ಅರ್ಧಕ್ಕೆ ಬಂದಿರುವ ಮೊಡವೆಯ ಜೆಲ್ಲಿನ ಟ್ಯೂಬು. ಮೊನ್ನೆ ಪಕ್ಕದ ರೂಮಿನವನೊಬ್ಬ ಕೈ ತೊಳೆಯಲು ಬಂದವನು ಅದನ್ನೆಲ್ಲ ನೋಡಿ, "ಇದೆಲ್ಲ ಊರಿಗೆ ಕಳಿಸ್ಲಿಕ್ಕೆ ತಗೊಂಡದ್ದಾ ಹನೀಫಾಕ?" ಎಂದು ಕೇಳಿದ. ಹನೀಫಾಕ ಎಂದರೆ ಹನೀಫಣ್ಣ. ನನಗೇ ಎಂದೆ. ಅವನು ಕಿವಿಯ ಬದಿಯ ನನ್ನ ನರೆಗೂದಲನ್ನು ಒಮ್ಮೆ, ಟ್ಯೂಬನ್ನು ಒಮ್ಮೆ ನೋಡಿ, ಕೈ ಒರೆಸಿಕೊಳ್ಳದೆಯೇ ಹೊರಟುಹೋದ.

ಅವನದು ತಪ್ಪಲ್ಲ. ಮೊಡವೆ ಹರೆಯದ ಮಕ್ಕಳ ಸ್ವತ್ತು, ಮೀಸೆ ಬಲಿತ ಮೇಲೆ ತಾನಾಗಿ ಜಾಗ ಖಾಲಿ ಮಾಡುತ್ತದೆ ಎಂದು ನಾನೂ ನಂಬಿದ್ದವನೇ. ನನಗೀಗ ನಲವತ್ತೊಂದು. ಮೊಡವೆಗೆ ಮನುಷ್ಯರ ಪ್ರಾಯ ಕೇಳಿ ಬರುವ ಶಿಷ್ಟಾಚಾರ ಇಲ್ಲ ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು.

ಮೊದಲನೆಯದು ನನಗೆ ಇನ್ನೂ ನೆನಪಿದೆ. ಎಂಟನೆಯ ತರಗತಿ, ಮೂಗಿನ ತುದಿ. ಆಗ ನಾವು ಪಾಣೆಮಂಗಳೂರಿನಲ್ಲಿದ್ದೆವು. ಉಪ್ಪನಿಗೆ ಪೇಟೆಯಲ್ಲಿ ಸೈಕಲ್ ರಿಪೇರಿಯ ಅಂಗಡಿ. (ನಾವು ಬ್ಯಾರಿಗಳು ಅಪ್ಪನಿಗೆ ಉಪ್ಪ ಎನ್ನುತ್ತೇವೆ, ಅಮ್ಮನಿಗೆ ಉಮ್ಮ. ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ. ಇಲ್ಲಿ ನಮ್ಮವರ ಮಾತನ್ನೆಲ್ಲ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಮೂಗಿನ ಮೇಲಿನ ಆ ಒಂದನ್ನು ನೋಡಿ ಮನೆಯಲ್ಲಿ ಎಲ್ಲರೂ ನಕ್ಕರು, ನಾನೂ ನಕ್ಕೆ. ಒಂಬತ್ತನೆಯ ತರಗತಿಗೆ ಬರುವಾಗ ನಗುವವರು ಮನೆಯ ಹೊರಗಿನವರು ಮಾತ್ರವಾಗಿದ್ದರು. ಹಣೆ, ಕೆನ್ನೆ, ದವಡೆ ಎಲ್ಲ ತುಂಬಿ, ಮುಟ್ಟಿದರೆ ನೋಯುವ ದೊಡ್ಡ ದೊಡ್ಡ ಗಂಟುಗಳು. ಶಾಲೆಯಲ್ಲಿ ನನಗೆ ಪೆಲಕಾಯಿ ಎಂದು ಹೆಸರು ಬಿತ್ತು. ತುಳುವಿನಲ್ಲಿ ಪೆಲಕಾಯಿ ಎಂದರೆ ಹಲಸಿನಕಾಯಿ. ಹೆಸರಿಟ್ಟವನ ಕಲ್ಪನಾಶಕ್ತಿಯನ್ನು ಈಗ ಮೆಚ್ಚಬಲ್ಲೆ. ಆಗ ಶಾಲೆಗೆ ಹೋಗುವುದೆಂದರೆ ಹೊಟ್ಟೆ ನೋಯುತ್ತಿತ್ತು.

ಉಮ್ಮನ ಚಿಕಿತ್ಸೆ ನಿಷೇಧಗಳಿಂದ ಶುರುವಾಯಿತು. ಉಷ್ಣ ಎಂದು ಮಾವಿನಹಣ್ಣು ನಿಂತಿತು, ಹಲಸು ನಿಂತಿತು, ನೆಲಗಡಲೆ ನಿಂತಿತು, ಕೊನೆಗೆ ಮೊಟ್ಟೆಯೂ ನಿಂತಿತು. ತಮ್ಮಂದಿರು ನನ್ನ ಪಾಲನ್ನು ನನ್ನ ಎದುರಿಗೇ ಕೂತು ತಿನ್ನುತ್ತಿದ್ದರು. ಆಮೇಲೆ ಲೇಪಗಳು. ಜಾಯಿಕಾಯಿ ತೇದು ಹಾಲಿನಲ್ಲಿ ಕಲಸಿ ಒಂದು ವಾರ, ಕಹಿಬೇವು ಅರೆದು ಒಂದು ವಾರ, ಅರಸಿನ ಒಂದು ವಾರ. ಅರಸಿನದ ವಾರದಲ್ಲಿ ಶಾಲೆಯವರು ನನ್ನನ್ನು ಮದುಮಗಳೆಂದು ಕರೆದರು. ಗೆಳೆಯನೊಬ್ಬ ಬೆಳಿಗ್ಗೆ ಎದ್ದ ಕೂಡಲೇ ಬಾಯಿಯ ಎಂಜಲನ್ನೇ ಹಚ್ಚಬೇಕು ಎಂದು ಗುಟ್ಟಾಗಿ ಹೇಳಿದ. ಅದನ್ನೂ ಮಾಡಿದೆ.

ಮೊಡವೆ ಬರುವುದು ಕೊಳಕಿನಿಂದ ಎಂದು ನಮ್ಮ ವಿಜ್ಞಾನದ ಮಾಷ್ಟ್ರು ಒಮ್ಮೆ ಹೇಳಿದ್ದರು. ಅದನ್ನು ಕೇಳಿದ ದಿನದಿಂದ ಸಂಜೆ ನೇತ್ರಾವತಿಗೆ ಇಳಿದು ತೆಂಗಿನ ನಾರಿನಿಂದ ಮುಖ ತಿಕ್ಕತೊಡಗಿದೆ. ಉಮ್ಮ ಮೀನಿನ ಪಾತ್ರೆಯನ್ನು ಸಹ ಅಷ್ಟು ತಿಕ್ಕುತ್ತಿರಲಿಲ್ಲ. ಸಾಲದ್ದಕ್ಕೆ ಅಂಗಡಿಯಿಂದ ಸೈಕಲ್ಲಿನ ಒಂದು ದುಂಡು ಕನ್ನಡಿ ಎತ್ತಿಕೊಂಡು ಬಂದು, ಅಟ್ಟದ ಮೇಲೆ ಕೂತು ಎರಡು ಹೆಬ್ಬೆರಳಿನ ಉಗುರು ಸೇರಿಸಿ ಒಂದೊಂದನ್ನೇ ಹಿಚುಕುತ್ತಿದ್ದೆ. ಹಿಚುಕಿದಾಗ ಸಿಗುವ ಸಮಾಧಾನ ಎಂಥದೆಂದು ಅನುಭವ ಇದ್ದವರಿಗೆ ಹೇಳಬೇಕಿಲ್ಲ. ಆ ಸಮಾಧಾನದ ಗುರುತುಗಳು ನನ್ನ ಎರಡು ಕೆನ್ನೆಗಳಲ್ಲಿ ಇವತ್ತಿಗೂ ಗುಳಿಗಳಾಗಿ ಉಳಿದಿವೆ.

ಇಪ್ಪತ್ತನೆಯ ವರ್ಷದಲ್ಲಿ ಗಡ್ಡ ಬಂತು. ಒಂದು ವಾರ ಕ್ಷೌರದ ಅಂಗಡಿಗೆ ಹೋಗದೆ ಇದ್ದಾಗ ಕನ್ನಡಿಯಲ್ಲಿ ಒಬ್ಬ ಸಾಧಾರಣ ಮನುಷ್ಯ ಕಾಣಿಸಿದ. ಎರಡು ವಾರ ಬಿಟ್ಟೆ, ಇನ್ನೂ ಚೆಂದ ಕಾಣಿಸಿದ. ತಿಂಗಳಾಗುವಾಗ ಗುಳಿಗಳೂ ಇಲ್ಲ, ಗಂಟುಗಳೂ ಇಲ್ಲ, ಎಲ್ಲವೂ ಕಾಡಿನೊಳಗೆ. ಮತ್ತೆ ನಾನು ಬ್ಲೇಡು ಮುಟ್ಟಲಿಲ್ಲ.

ಆದದ್ದೇನೆಂದರೆ, ನಮ್ಮ ಸಮಾಜದಲ್ಲಿ ಗಡ್ಡಕ್ಕೆ ಬೇರೆಯೇ ಅರ್ಥವುಂಟು. ಇಪ್ಪತ್ತರ ಹುಡುಗ ಗಡ್ಡ ಬಿಟ್ಟದ್ದು ನೋಡಿ ಊರಿನ ಹಿರಿಯರು ನನಗೆ ಮೊದಲು ಸಲಾಂ ಹೇಳತೊಡಗಿದರು. ಮಸೀದಿಯಲ್ಲಿ ಮುಂದಿನ ಸಾಲಿನಲ್ಲಿ ಜಾಗ ಬಿಟ್ಟುಕೊಡುತ್ತಿದ್ದರು. ಒಮ್ಮೆ ಮದುವೆ ಮನೆಯೊಂದರಲ್ಲಿ ಇಮಾಮತಿಗೆ, ಅಂದರೆ ನಮಾಜು ಮುನ್ನಡೆಸಲು, ನಿಲ್ಲು ಎಂದು ನನ್ನನ್ನೇ ಮುಂದೆ ತಳ್ಳಿದಾಗ, ಹೊಟ್ಟೆ ಸರಿಯಿಲ್ಲ ಎಂದು ಹೇಳಿ ಹಿತ್ತಿಲ ಬಾಗಿಲಿನಿಂದ ತಪ್ಪಿಸಿಕೊಂಡಿದ್ದೆ. ನಾನು ನಮಾಜು ತಪ್ಪಿಸುವವನಲ್ಲ, ಆದರೆ ನನ್ನ ಭಕ್ತಿ ಗಡ್ಡದ ಉದ್ದಕ್ಕೆ ಎಂದೂ ಬೆಳೆದಿರಲಿಲ್ಲ. ನಿಜ ಹೇಳುವ ಧೈರ್ಯವೂ ಬರಲಿಲ್ಲ. ಮೊಡವೆ ಮುಚ್ಚಲು ಬಿಟ್ಟದ್ದು ಎಂದು ಯಾರಿಗೆ ಹೇಳುವುದು?

ಇಪ್ಪತ್ತೇಳಕ್ಕೆ ಮದುವೆಯಾಯಿತು. ವಿಟ್ಲದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿದ್ದ ಮಾವ ನನ್ನನ್ನು ನೋಡಲು ಬಂದವರು ಹತ್ತು ನಿಮಿಷವೂ ಕೂರಲಿಲ್ಲ. "ದೀನಿನ ಹುಡುಗ, ಇನ್ನು ವಿಚಾರಿಸ್ಲಿಕ್ಕೆ ಎಂತ ಉಂಟು?" ಎಂದು ಉಪ್ಪನ ಹತ್ತಿರ ಹೇಳಿ ಎದ್ದರಂತೆ. ಧರ್ಮಕ್ಕೆ ನಡೆದುಕೊಳ್ಳುವ ಹುಡುಗ ಎಂದು ಅರ್ಥ. ಹೀಗೆ ಜೊಹರಾ ನನ್ನ ಹೆಂಡತಿಯಾಗಿ ಬಂದಳು. ಹದಿನಾಲ್ಕು ವರ್ಷದ ಸಂಸಾರದಲ್ಲಿ ಅವಳು ನನ್ನ ಮುಖದ ಅರ್ಧವನ್ನು ನೋಡಿರಲಿಲ್ಲ. ನಮ್ಮ ಮಗಳು ಹಿಬಾ ನೋಡಿರಲಿಲ್ಲ. ನಾನೇ ನೋಡಿರಲಿಲ್ಲ.

ಆರು ವರ್ಷದ ಹಿಂದೆ ರಾಬಿಗ್‌ಗೆ ಬಂದೆ. ಇಲ್ಲಿನ ಕಾರ್ಖಾನೆಯೊಂದಕ್ಕೆ ಸಾಮಾನು ಒದಗಿಸುವ ಕಂಪೆನಿಯ ಗೋದಾಮಿನಲ್ಲಿ ಸ್ಟೋರ್‌ಕೀಪರ್ ಕೆಲಸ. ನಟ್ಟು, ಬೋಲ್ಟು, ಕೈಗವಸು, ಹೆಲ್ಮೆಟ್ಟು, ಇವುಗಳನ್ನು ಬರೆದುಕೊಂಡು ಕೊಡುವುದು. ಗಡ್ಡಕ್ಕೆ ಯಾರ ತಕರಾರೂ ಇರಲಿಲ್ಲ. ಕೆಲವು ತಿಂಗಳ ಹಿಂದೆ ರಾಸಾಯನಿಕಗಳ ಗೋದಾಮಿಗೆ ಒಬ್ಬ ಉಸ್ತುವಾರಿ ಬೇಕೆಂದಾಗ ನನ್ನ ಹೆಸರು ಬಂತು. ನಾನು ಕಾಯುತ್ತಿದ್ದ ಕೆಲಸ. ಒಂದೇ ಒಂದು ವಿಷಯ ಬಾಕಿಯಿತ್ತು. ಅಲ್ಲಿ ಕೆಲಸ ಮಾಡುವವರು ವಿಷಗಾಳಿ ತಡೆಯುವ ಮಾಸ್ಕು ಹಾಕಿಕೊಳ್ಳಬೇಕು. ಅದು ಮುಖಕ್ಕೆ ಸರಿಯಾಗಿ ಅಂಟಿ ಕೂರುತ್ತದೋ ಇಲ್ಲವೋ ಎಂದು ಮೊದಲು ಪರೀಕ್ಷೆ ಮಾಡುತ್ತಾರೆ.

ಪರೀಕ್ಷೆ ಮಾಡುವವನು ಫಹದ್ ಎಂಬ ಸೌದಿ ಹುಡುಗ, ಸುರಕ್ಷತಾ ವಿಭಾಗದ ಅಧಿಕಾರಿ. ಮಾಸ್ಕನ್ನು ನನ್ನ ಮುಖದ ಹತ್ತಿರ ತಂದವನು ಗಡ್ಡವನ್ನು ನೋಡಿ ಕೈ ಕೆಳಗಿಳಿಸಿದ. ಕೂದಲಿದ್ದರೆ ರಬ್ಬರಿನ ಅಂಚು ಚರ್ಮಕ್ಕೆ ಕೂರುವುದಿಲ್ಲ, ಸಂದಿನಲ್ಲಿ ಗಾಳಿ ನುಗ್ಗುತ್ತದೆ ಎಂದು ವಿವರಿಸಿದ. ಆಮೇಲೆ ಬಾಗಿಲು ಮುಚ್ಚಿ ಬಂದು, ಅರ್ಧ ಇಂಗ್ಲಿಷು ಅರ್ಧ ಹಿಂದಿಯಲ್ಲಿ ಮೆಲ್ಲನೆ ಕೇಳಿದ.

"ಹನೀಫ್, ಇದು ದೀನಿಗಾಗಿ ಬಿಟ್ಟ ಗಡ್ಡವಾದರೆ ಹೇಳು. ನಾನು ಮುದೀರ್ (ಮ್ಯಾನೇಜರ್) ಹತ್ತಿರ ಮಾತಾಡುತ್ತೇನೆ. ನಿನ್ನನ್ನು ಹಳೆಯ ಗೋದಾಮಿನಲ್ಲೇ ಇಡುತ್ತಾರೆ. ಯಾರೂ ನಿನಗೆ ಏನೂ ಅನ್ನುವುದಿಲ್ಲ."

ಹೌದು ಎಂದು ತಲೆಯಾಡಿಸಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಪ್ಪತ್ತೊಂದು ವರ್ಷ ನಾನು ಗಡ್ಡದ ಬಗ್ಗೆ ಬಾಯಿಬಿಟ್ಟು ಒಂದು ಸುಳ್ಳೂ ಹೇಳಿರಲಿಲ್ಲ. ಜನ ತಾವಾಗಿ ಭಾವಿಸಿದ್ದರು, ನಾನು ಸುಮ್ಮನಿದ್ದೆ. ಈಗ ಒಬ್ಬ ನೇರವಾಗಿ ಕೇಳುತ್ತಿದ್ದಾನೆ. ದೀನಿನ ಹೆಸರು ಹಿಡಿದು ಬಾಯಲ್ಲಿ ಸುಳ್ಳು ಹೇಳುವುದು ನನ್ನಿಂದಾಗಲಿಲ್ಲ. ಅಲ್ಲ ಎಂದೆ. ಮತ್ತೆ ಯಾಕೆ ಎಂದ. ಮೊಡವೆಗೆ ಅರಬ್ಬಿಯಲ್ಲಿ ಏನೆನ್ನುತ್ತಾರೆ ಎಂದು ಗೊತ್ತಿಲ್ಲದೆ, ಕೆನ್ನೆಯ ಗಡ್ಡವನ್ನು ಬೆರಳಿನಲ್ಲಿ ಬಿಡಿಸಿ ಗುಳಿಗಳನ್ನು ತೋರಿಸಿದೆ.

"ಓ, ಹಬ್ಬುಶ್ಶಬಾಬ್!" ಎಂದು ಅವನು ಜೋರಾಗಿ ನಕ್ಕ. ಯೌವನದ ಕಾಳು ಎಂದು ಅದರ ಅರ್ಥವಂತೆ. ನಕ್ಕು ಮುಗಿಸಿ ತನ್ನ ಕೆನ್ನೆಯನ್ನೂ ಬೆಳಕಿಗೆ ತಿರುಗಿಸಿದ. ಅಲ್ಲಿಯೂ ನಾಲ್ಕೈದು ಗುಳಿಗಳು. "ಯಲ್ಲಾ, ನಾಳೆ ಶೇವ್ ಮಾಡಿ ಬಾ" ಎಂದು ಬೆನ್ನು ತಟ್ಟಿದ.

ಮಾರನೆಯ ಬೆಳಿಗ್ಗೆ ಗಡ್ಡ ತೆಗೆದು ಕನ್ನಡಿಯ ಮುಂದೆ ನಿಂತೆ. ಕನ್ನಡಿಯೊಳಗೆ ಉಪ್ಪ ನಿಂತಿದ್ದರು. ಅದೇ ಸಣ್ಣ ಗದ್ದ, ಬಲಕೆನ್ನೆಯಲ್ಲಿ ಅವರಿಗಿದ್ದಂಥವೇ ಗುಳಿಗಳು. ಅವರಿಗೂ ಹರೆಯದಲ್ಲಿ ಮೊಡವೆ ಇತ್ತೆಂದು ಬದುಕಿರುವಾಗ ಒಮ್ಮೆಯೂ ಹೇಳಿರಲಿಲ್ಲ, ನಾನು ಕೇಳಿರಲೂ ಇಲ್ಲ. ಪ್ರಭಾಕರಣ್ಣ ಹಾಸಿಗೆಯಿಂದ ಎದ್ದು ಬಂದವರು ನನ್ನನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು. "ಯಾರು ಮಾರಾಯ ನೀನು? ಹನೀಫ ಎಲ್ಲಿ?" ಎಂದರು. ಕಾರ್ಕಳದವರು, ನನಗಿಂತ ಹತ್ತು ವರ್ಷ ದೊಡ್ಡವರು, ಅವರ ತಮಾಷೆಯಲ್ಲಿ ನಂಜು ಇರುವುದಿಲ್ಲ. ಆದರೂ ಆ ದಿನ ಸಂಜೆ ಜೊಹರಾಳ ವಿಡಿಯೊ ಕಾಲ್ ಬಂದಾಗ ನನ್ನ ಹೆಬ್ಬೆರಳು ತಾನಾಗಿ ಕ್ಯಾಮೆರಾ ಆಫ್ ಮಾಡಿತು.

"ನಿಮ್ಮ ಮುಖ ಕಾಣ್ತಾ ಇಲ್ಲ" ಎಂದಳು.

"ಇಲ್ಲಿ ನೆಟ್ ಸರಿ ಇಲ್ಲ" ಎಂದೆ.

ಒಂದು ವಾರ ಕಳೆದು ಹೇಳಿದರಾಯಿತು ಎಂದುಕೊಂಡೆ. ಅಷ್ಟರಲ್ಲಿ ಹಳೆಯ ಗೆಳೆಯರು ವಾಪಸು ಬಂದರು. ಮಾಸ್ಕಿನ ಅಂಚು ಒತ್ತುವ ಕಡೆ, ಮೂಗಿನ ಪಕ್ಕದಿಂದ ದವಡೆಯ ಕೆಳಗಿನವರೆಗೆ ಕೆಂಪು ಬೊಕ್ಕೆಗಳ ಒಂದು ಸಾಲು. ಹೊರಗೆ ಸಮುದ್ರದ ಸೆಕೆ, ಮಾಸ್ಕಿನ ಒಳಗೆ ಬೆವರು, ಮೇಲಿಂದ ದಿನವೂ ಶೇವಿಂಗು. ಕುತ್ತಿಗೆಯಲ್ಲಿಯೂ ಎದ್ದವು.

ಪ್ರಭಾಕರಣ್ಣ ನನ್ನ ಹೊಟ್ಟೆ ಸರಿಯಿಲ್ಲ ಎಂದು ತೀರ್ಮಾನ ಮಾಡಿ ಜೀರಿಗೆ ಕಷಾಯ ಶುರುಮಾಡಿದರು. ಹುರಿದ ಕೋಳಿ ನಿಲ್ಲಿಸಿದರು. ಖರ್ಜೂರ ಉಷ್ಣವೆಂದು ಅದನ್ನೂ ನಿಲ್ಲಿಸಿದರು. ಕಡಲು ದಾಟಿ ಬಂದರೂ ಉಮ್ಮನ ಪಟ್ಟಿ ನನ್ನನ್ನು ಬಿಡಲಿಲ್ಲ. ಎರಡು ವಾರವಾದರೂ ಇಳಿಯದೆ ಇದ್ದಾಗ, ಶುಕ್ರವಾರ ಮೀನು ತರಲು ಜಿದ್ದಾದ ಶರಫಿಯಾ ಪೇಟೆಗೆ ಹೋದವರು ಒಂದು ಚಿಕ್ಕ ಡಬ್ಬಿ ತಂದುಕೊಟ್ಟರು. ಡಬ್ಬಿಯ ಮೇಲೆ ಒಂದು ಹುಡುಗಿಯ ಚಿತ್ರ ಬಿಟ್ಟರೆ ಒಂದಕ್ಷರವೂ ಇರಲಿಲ್ಲ.

"ಅಂಗಡಿಯವ ಹೇಳಿದ, ಮೂರು ದಿನ ಹಚ್ಚಿದರೆ ಮದುಮಗನ ಹಾಗೆ ಆಗ್ತಾನೆ ಅಂತ."

ಆದೆ ಮಾರಾಯರೇ! ಮೂರೇ ದಿನದಲ್ಲಿ ಕೆಂಪು ಇಳಿಯಿತು, ಮುಖ ನುಣ್ಣಗಾಯಿತು, ಸ್ವಲ್ಪ ಬೆಳ್ಳಗೂ ಆಯಿತು. ಮೂರು ವಾರ ಮದುಮಗನಾಗಿ ಓಡಾಡಿದೆ. ಗುಳಿಗಳು ಮಾತ್ರ ಹಾಗೆಯೇ ಇದ್ದವು, ಜೊಹರಾಳಿಗೆ ಮುಖ ತೋರಿಸುವ ಧೈರ್ಯ ಬರಲಿಲ್ಲ. ಡಬ್ಬಿ ಖಾಲಿಯಾದ ನಾಲ್ಕನೆಯ ದಿನ ಮುಖ ಉರಿಯುತ್ತಾ ಎದ್ದೆ. ಕೆನ್ನೆ, ಹಣೆ ಎಲ್ಲ ಕಡೆ ಒಂದೇ ಅಳತೆಯ ಕೆಂಪು ಬೊಕ್ಕೆಗಳು, ಕೆಲವಕ್ಕೆ ಕೀವಿನ ತುದಿ. ಅದೇ ದಿನ ಮಧ್ಯಾಹ್ನ ಜೊಹರಾಳ ಸಂದೇಶ ಬಂತು. ಮಾವನ ಬಹುದಿನದ ಆಸೆಯಂತೆ ಉಮ್ರಾ ಯಾತ್ರೆಗೆ ಬುಕ್ ಮಾಡಿದ್ದಾರೆ, ಮಂಗಳೂರಿನ ಒಂದು ಗುಂಪಿನ ಜೊತೆ ಅಪ್ಪ ಮಗಳು ಇಬ್ಬರೂ ಹೊರಟಿದ್ದಾರೆ, ಇನ್ನು ಹನ್ನೆರಡು ದಿನದಲ್ಲಿ ಮಕ್ಕಾದಲ್ಲಿರುತ್ತಾರೆ. ಹಿಬಾಳನ್ನು ನನ್ನ ಉಮ್ಮ ನೋಡಿಕೊಳ್ಳುತ್ತಾರೆ.

ಸಂದೇಶ ಓದಿ ನನಗೆ ಸಂತೋಷವಾಯಿತು ಎಂದು ಹೇಳಿದರೆ ಅದು ಅರ್ಧ ನಿಜ.

ಆ ಶುಕ್ರವಾರವೇ ಪ್ರಭಾಕರಣ್ಣ ತಪ್ಪೊಪ್ಪಿಕೊಳ್ಳುವವರ ಹಾಗೆ ಮುಖ ಮಾಡಿಕೊಂಡು ನನ್ನನ್ನು ಜಿದ್ದಾದ ಚರ್ಮದ ಡಾಕ್ಟರೊಬ್ಬರ ಬಳಿ ಕರೆದುಕೊಂಡು ಹೋದರು. ನಾನು ಹಿಂದಿಯಲ್ಲಿ ನನ್ನ ಕತೆ ಶುರುಮಾಡಿ ಎರಡು ವಾಕ್ಯ ಮುಗಿಸಿರಲಿಲ್ಲ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು, "ಮಂಗಳೂರ ಕಡೆಯವರೇನ್ರಿ? ನಿಮ್ ಹಿಂದಿನೇ ಹೇಳತೈತಿ" ಎಂದರು. ದಾವಣಗೆರೆಯವರು. ನಾನು ಡಬ್ಬಿಯನ್ನು ಮೇಜಿನ ಮೇಲಿಟ್ಟೆ. ಅವರು ಮುಚ್ಚಳ ತೆಗೆದು ಮೂಸಿ ನೋಡಿ, ಪಕ್ಕದ ಕಸದ ಬುಟ್ಟಿಗೆ ಹಾಕಿದರು.

"ಹೆಸರಿಲ್ಲದ ಇಂಥವುಗಳೊಳಗೆ ಸಾಮಾನ್ಯವಾಗಿ ಸ್ಟೀರಾಯ್ಡ್ ಇರತೈತ್ರಿ. ಹಚ್ಚಿದಾಗ ಕೆಂಪು ಇಳಿಯತೈತಿ, ಬಿಟ್ಟ ಕೂಡಲೇ ದುಪ್ಪಟ್ಟಾಗಿ ಏಳತೈತಿ. ಇನ್ಮೇಲೆ ಕೈಯಾಗೂ ಹಿಡೀಬ್ಯಾಡ್ರಿ."

ಆಮೇಲೆ ಒಂದು ದೀಪ ಎಳೆದುಕೊಂಡು ನನ್ನ ಮುಖವನ್ನು ಪರೀಕ್ಷಿಸತೊಡಗಿದರು. ಮೂಗಿನ ಮೇಲಿನ ಕಪ್ಪು ಚುಕ್ಕೆಗಳು ಕೊಳಕಲ್ಲ, ರಂಧ್ರದಲ್ಲಿ ಕಟ್ಟಿಕೊಂಡ ಎಣ್ಣೆ ಮತ್ತು ಸತ್ತ ಚರ್ಮ ಗಾಳಿಗೆ ಕಪ್ಪಾದದ್ದು. ರಂಧ್ರ ಮುಚ್ಚಿಯೇ ಇದ್ದರೆ ಅದೇ ಬಿಳಿ ಚುಕ್ಕೆ. ಒಳಗೆ ಸಿಕ್ಕಿಕೊಂಡ ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಬೆಳೆದು ಊದಿಕೊಂಡದ್ದು ಕೆಂಪು ಮೊಡವೆ, ಕೀವು ತುಂಬಿದರೆ ಹಳದಿ ತುದಿ. ಚರ್ಮದ ಆಳದಲ್ಲಿ ಊದಿ ಗಟ್ಟಿಯಾದರೆ ಗಂಟು, ಗುಳಿ ಬೀಳಿಸುವುದು ಹೆಚ್ಚಾಗಿ ಅವೇ. ದವಡೆಯ ಸಾಲು ಮಾಸ್ಕಿನ ತಿಕ್ಕಾಟದ್ದು. ಕುತ್ತಿಗೆಯವು ಮೊಡವೆಯೇ ಅಲ್ಲವಂತೆ. ಶೇವ್ ಮಾಡಿದ ಕೂದಲು ಸುತ್ತಿಕೊಂಡು ವಾಪಸು ಚರ್ಮದೊಳಗೆ ಬೆಳೆದದ್ದು.

"ಒಬ್ಬರ ಮುಖದಾಗೆ ಇಷ್ಟೆಲ್ಲ ಒಟ್ಟಿಗೆ ಸಿಗೋದು ಅಪರೂಪ ನೋಡ್ರಿ" ಎಂದರು, ಬಹಳ ಪ್ರೀತಿಯಿಂದ.

ಇಪ್ಪತ್ತೈದು ವರ್ಷದಿಂದ ಕೇಳಬೇಕೆಂದಿದ್ದನ್ನು ಆಗ ಕೇಳಿದೆ. "ನಾನು ಮುಖ ಸರಿ ತೊಳೀಲಿಲ್ಲ ಅಂತಲಾ ಮೇಡಂ ಇದು ಬಂದದ್ದು?"

ಅವರು ದೀಪ ಆರಿಸಿದರು. "ಯಾರು ಹೇಳಿದ್ರಿ ನಿಮಗೆ? ಹರೆಯದಾಗೆ ಮೈಯೊಳಗಿನ ಹಾರ್ಮೋನು ಎಣ್ಣೆ ಗ್ರಂಥಿಗಳನ್ನ ಎಬ್ಬಿಸತೈತಿ. ಅಪ್ಪಗೋ ಅವ್ವಗೋ ಇದ್ರೆ ಮಕ್ಕಳಿಗೂ ಬರೋದು ಹೆಚ್ಚು. ತಿಕ್ಕಿದ್ರೆ ಹೋಗಲ್ಲ, ಕೆರಳತೈತಿ. ಅದು ನಿಮ್ಮ ತಪ್ಪಲ್ರಿ."

ಹಲಸಿನಹಣ್ಣು? ಸಂಬಂಧ ಇಲ್ಲ. ಮಾವು? ಅತಿಯಾದ ಸಿಹಿ, ಕೆಲವರಿಗೆ ಹಾಲು, ಸ್ವಲ್ಪ ಹೆಚ್ಚಿಸಬಹುದು, ಅಷ್ಟೇ. ನೇತ್ರಾವತಿಯಲ್ಲಿ ಮುಖ ತಿಕ್ಕುತ್ತಿದ್ದ ಆ ಹುಡುಗನನ್ನು ಕರೆದು ಪಕ್ಕದ ಕುರ್ಚಿಯಲ್ಲಿ ಕೂರಿಸಿ ಇದನ್ನೆಲ್ಲ ಕೇಳಿಸಬೇಕು ಅನಿಸಿತು.

ಔಷಧ ಬಹಳ ಸರಳವಿತ್ತು. ದಿನಕ್ಕೆ ಎರಡೇ ಸಲ ಮೃದುವಾಗಿ ಮುಖ ತೊಳೆಯುವುದು, ರಾತ್ರಿ ಬಟಾಣಿಯಷ್ಟು ಜೆಲ್ಲನ್ನು ಮುಖಕ್ಕೆಲ್ಲ ತೆಳ್ಳಗೆ ಹಚ್ಚುವುದು, ಬೆಳಿಗ್ಗೆ ಬಿಸಿಲಿನ ಕ್ರೀಮು, ಮಾಸ್ಕನ್ನು ದಿನವೂ ಒರೆಸುವುದು, ಕೂದಲು ಬೆಳೆದ ದಿಕ್ಕಿಗೇ ಶೇವ್ ಮಾಡುವುದು, ಏನೇ ಆದರೂ ಹಿಚುಕದಿರುವುದು. ಹಳೆಯ ಗುಳಿಗಳು ಜೆಲ್ಲಿನಿಂದ ತುಂಬುವುದಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಇದೆ, ಬೇಕಾದರೆ ಮುಂದೆ ನೋಡೋಣ ಎಂದರು. ಎಷ್ಟು ದಿನದಲ್ಲಿ ವಾಸಿ ಎಂದು ಕೇಳಿದೆ. ಎಂಟು ವಾರಕ್ಕೆ ಗೊತ್ತಾಗುತ್ತದೆ, ಪೂರ್ತಿ ಮೂರು ತಿಂಗಳು ಹಿಡಿಯಬಹುದು, ಮೊದಲು ಸ್ವಲ್ಪ ಹೆಚ್ಚಾದರೂ ಹೆದರಬೇಡಿ ಎಂದರು.

"ಆದರೆ ಮೇಡಂ, ಬರುವ ವಾರ ಹೆಂಡತಿ ಬರ್ತಾಳೆ."

"ಬರಲಿ ಬಿಡ್ರಿ. ಮೊಡವೆ ನೋಡಿ ಯಾವ ಹೆಂಡತಿ ವಾಪಸ್ ಹೋಗ್ಯಾಳ?"

ಮುಂದಿನ ಶುಕ್ರವಾರ ಮಧ್ಯಾಹ್ನ ಮಕ್ಕಾದಲ್ಲಿ ಅವರು ಇಳಿದುಕೊಂಡಿದ್ದ ಹೋಟೆಲಿನ ಕೆಳಗೆ ಕಾಯುತ್ತಾ ನಿಂತೆ. ಹಿಂದಿನ ದಿನವೇ ಅವರ ಉಮ್ರಾ ಮುಗಿದಿತ್ತು. ಲಿಫ್ಟಿನಿಂದ ಮೊದಲು ಮಾವ ಹೊರಗೆ ಬಂದರು. ಉಮ್ರಾ ಮುಗಿಸಿ ತಲೆ ಬೋಳಿಸಿದ್ದರಿಂದ ನನಗೇ ಅವರ ಗುರುತು ಕ್ಷಣಕಾಲ ಸಿಗಲಿಲ್ಲ. ಅವರು ನನ್ನನ್ನು ದಾಟಿ ಬಾಗಿಲಿನವರೆಗೆ ಹೋಗಿ ನನ್ನನ್ನೇ ಹುಡುಕತೊಡಗಿದರು. ಹಿಂದಿನಿಂದ ಬಂದ ಜೊಹರಾ ನಿಂತಳು. ಅವಳು ಮುಖ ನೋಡಿ ಗುರುತು ಹಿಡಿಯಲಿಲ್ಲ. ನಾನು ಕೈ ಕಟ್ಟಿಕೊಂಡು ನಿಲ್ಲುವ ರೀತಿ ನೋಡಿ ಹಿಡಿದಳು.

ನಾನು ತಡವರಿಸುತ್ತಾ ಮಾಸ್ಕು, ಫಹದ್, ಶೇವಿಂಗು, ಡಬ್ಬಿ ಎಂದು ಎಲ್ಲವನ್ನೂ ಒಟ್ಟಿಗೆ ಹೇಳಿದೆ. ಗಡ್ಡ ಯಾಕೆ ಬಿಟ್ಟದ್ದು ಎಂದೂ ಹೇಳಿದೆ. ಅವಳ ಕಣ್ಣು ತುಂಬಿತು.

"ಎರಡು ತಿಂಗಳಿಂದ ಮುಖ ತೋರಿಸ್ಲಿಲ್ಲ ನೀವು. ನೆಟ್ ಇಲ್ಲ, ನೆಟ್ ಇಲ್ಲ. ನಿಮಗೆ ಎಂತದೋ ದೊಡ್ಡ ಕಾಯಿಲೆ, ಮುಖ ಇಳಿದುಹೋಗಿದೆ, ಅದಕ್ಕೇ ಅಡಗಿಸ್ತಾ ಇದ್ದಾರೆ ಅಂತ ನಾನು ಲೆಕ್ಕ ಹಾಕಿದ್ದು. ನಿನ್ನೆ ಕಾಬಾದ ಎದುರು ನಿಂತು ನಾನು ಎಂತ ಬೇಡಿದೆ ಗೊತ್ತುಂಟಾ? ನನಗೆ ಬೇರೆ ಎಂತದೂ ಬೇಡ, ಇವರಿಗೆ ಆದದ್ದು ಗುಣ ಆದರೆ ಸಾಕು ಅಂತ. ಅಷ್ಟು ದೂರದಿಂದ ಬಂದು ನಿಮ್ಮ ಮೊಡವೆಗೆ ನಾನು ದುವಾ ಮಾಡಿದ ಹಾಗಾಯ್ತಲ್ಲ!"

ಕೊನೆಯ ಮಾತಿಗೆ ಅವಳಿಗೇ ನಗು ಬಂದುಬಿಟ್ಟಿತು. ಅಳು ಇನ್ನೂ ನಿಂತಿರಲಿಲ್ಲ, ಎರಡೂ ಒಟ್ಟಿಗೇ ನಡೆಯಿತು. ನಾನು ತಲೆ ತಗ್ಗಿಸಿದೆ. ನನ್ನ ಮುಖ ಅವಳಿಗೆ ಹೇಗೆ ಕಾಣಿಸೀತು ಎಂದು ಇಷ್ಟು ದಿನ ಹೆದರಿದ್ದೆ. ಕಾಣದಿದ್ದರೆ ಅವಳಿಗೆ ಏನಾದೀತು ಎಂದು ಒಂದು ದಿನವೂ ಯೋಚಿಸಿರಲಿಲ್ಲ.

ಮಾವ ಎಲ್ಲವನ್ನೂ ಕೇಳಿಸಿಕೊಂಡು ಸೋಫಾದಲ್ಲಿ ಕೂತಿದ್ದರು. ನಾನು ಅವರ ಪಕ್ಕ ಹೋಗಿ ಕೂತೆ. ಅವರು ಬಟ್ಟೆಯ ನೇಯ್ಗೆ ನೋಡುವವರ ಹಾಗೆ ನನ್ನ ಕೆನ್ನೆಯನ್ನು ಹತ್ತಿರದಿಂದ ನೋಡಿದರು.

"ಗಡ್ಡ ನೋಡಿ ಹೆಣ್ಣು ಕೊಟ್ಟದ್ದಲ್ಲ ಅಂತ ಹೇಳಿದರೆ ನಿನಗೆ ಸಮಾಧಾನ ಆಗಬಹುದು. ಆದರೆ ಈ ಊರಲ್ಲಿ ಕೂತು ಸುಳ್ಳು ಹೇಳ್ಲಿಕ್ಕೆ ಆಗ್ತದಾ? ಗಡ್ಡ ನೋಡಿಯೇ ಕೊಟ್ಟದ್ದು."

ಅವರು ತಮ್ಮ ನುಣ್ಣನೆಯ ತಲೆಯ ಮೇಲೆ ಒಮ್ಮೆ ಕೈಯಾಡಿಸಿಕೊಂಡು ಮುಂದುವರಿಸಿದರು.

"ಅದು ಆವಾಗ. ಆಮೇಲೆ ನನ್ನ ಕಣ್ಣಿನ ಆಪರೇಶನ್ ಆಯ್ತಲ್ಲ, ಎರಡು ದಿನ ಪಟ್ಟಿ ಕಟ್ಟಿ ಮಲಗಿಸಿದ್ದರು. ಆಸ್ಪತ್ರೆಯ ನೆಲದಲ್ಲಿ ಮಲಗಿ, ಕೈ ಹಿಡಿದು ಬಚ್ಚಲಿಗೆ ಕರ್ಕೊಂಡು ಹೋದದ್ದು ನೀನು. ಆಗ ನಿನಗೆ ಗಡ್ಡ ಇತ್ತಾ ಇಲ್ವಾ, ನನಗೆಂತ ಕಾಣ್ತಿತ್ತು?" ಎದ್ದು ನಿಂತು ಜುಬ್ಬಾ ಸರಿಪಡಿಸಿಕೊಂಡರು. "ಈ ಕೆಲಸ ಮುಗಿದ ಮೇಲೆ ಮತ್ತೆ ಬಿಡು. ಆಗ ದೀನಿಗೆ ಅಂತಲೇ ಬಿಡು."

ಆಗಲಿ ಎಂದೆ. ಬಾಯಿಮಾತಿಗೆ ಹೇಳಿದ್ದಲ್ಲ.

ಜೊಹರಾ ಮುಖ ಒರೆಸಿಕೊಂಡು ನನ್ನ ಎದುರಿನ ಕುರ್ಚಿಗೆ ಬಂದಳು. "ನಿಮ್ಮದು ಮುಗೀತು. ಮನೆಯಲ್ಲಿ ಇನ್ನೊಬ್ಬಳದ್ದು ಉಂಟು" ಎಂದಳು. ಹಿಬಾಳಿಗೆ ಹದಿಮೂರು ತುಂಬಿದೆ. ಕಳೆದ ಎರಡು ತಿಂಗಳಿಂದ ಮುಖದ ತುಂಬಾ ಬೊಕ್ಕೆಗಳು. ಬಚ್ಚಲಿನ ಬಾಗಿಲು ಹಾಕಿಕೊಂಡು ಪೇಸ್ಟು, ಲಿಂಬೆಹುಳಿ ಎಲ್ಲ ಹಚ್ಚುತ್ತಾಳೆ. ಮನೆಯೊಳಗೂ ಶಾಲನ್ನು ಮೂಗಿನವರೆಗೆ ಎಳೆದುಕೊಂಡು ಕೂರುತ್ತಾಳೆ. ಮೊನ್ನೆಯಿಂದ ಹೊಟ್ಟೆನೋವೆಂದು ಶಾಲೆಗೂ ಹೋಗಿಲ್ಲ, ಅಜ್ಜಿಗೆ ಏನು ಮಾಡುವುದೆಂದು ತಿಳಿಯುತ್ತಿಲ್ಲ.

"ನನಗೆ ಯಾಕೆ ಹೇಳ್ಲಿಲ್ಲ?"

"ನೀವು ಎರಡು ನಿಮಿಷ ಮಾತಾಡಿ ಫೋನ್ ಇಡ್ತಿದ್ರಿ. ಯಾವಾಗ ಹೇಳುವುದು?"

ಈ ಎರಡು ತಿಂಗಳಲ್ಲಿ ನಾನೂ ಮಗಳ ಮುಖ ನೋಡಿರಲಿಲ್ಲ ಎಂದು ಆಗ ಹೊಳೆಯಿತು. ಅವಳ ಸ್ವರ ಬರುತ್ತಿತ್ತು, ಫೋನಿನ ಪರದೆಯಲ್ಲಿ ನಮ್ಮ ಮನೆಯ ಫ್ಯಾನು ತಿರುಗುವುದು ಕಾಣುತ್ತಿತ್ತು. ನನ್ನ ಮುಖ ಅಡಗಿಸುವ ಗಡಿಬಿಡಿಯಲ್ಲಿ ಅದನ್ನು ಗಮನಿಸಿರಲೇ ಇಲ್ಲ.

ಕಿಟಕಿಯ ಪಕ್ಕ ಹೋಗಿ ಅಲ್ಲಿಂದಲೇ ಅವಳಿಗೆ ಕಾಲ್ ಮಾಡಿದೆ. ಮೊದಲು ಫ್ಯಾನು ಕಂಡಿತು.

"ಹಿಬಾ, ಮುಖ ತೋರಿಸು ಮಗಾ."

"ನೆಟ್ ಸರಿ ಇಲ್ಲ ಉಪ್ಪಾ."

ಪಕ್ಕದಲ್ಲಿದ್ದ ಜೊಹರಾ ಬಾಯಿಗೆ ಕೈ ಅಡ್ಡ ಹಿಡಿದಳು. "ನನ್ನದೂ ಸರಿ ಇರಲಿಲ್ಲ. ಇವತ್ತು ಸರಿಯಾಯ್ತು, ನೋಡು" ಎಂದು ನಾನು ನನ್ನ ಕ್ಯಾಮೆರಾ ಹಾಕಿ, ಮುಖವನ್ನು ಕಿಟಕಿಯ ಪೂರ್ತಿ ಬೆಳಕಿಗೆ ತಿರುಗಿಸಿ, ಫೋನನ್ನು ಹತ್ತಿರ ಹಿಡಿದೆ. ಫ್ಯಾನು ಎರಡು ಮೂರು ಸುತ್ತು ತಿರುಗಿತು. ಆಮೇಲೆ ಪರದೆ ಅಲುಗಾಡಿ ನನ್ನ ಮಗಳ ಎರಡು ಕಣ್ಣು ಬಂತು, ಅದರ ಕೆಳಗೆ ಶಾಲು.

"ಉಪ್ಪಾ! ನಿಮ್ಮ ಗಡ್ಡ? ಅದೆಲ್ಲ ಎಂತ ಮುಖದಲ್ಲಿ?"

"ನಿನಗೆ ಬಂದದ್ದೇ. ನನಗೆ ನಿನ್ನ ಪ್ರಾಯದಲ್ಲಿಯೂ ಬಂದಿತ್ತು, ಈಗ ಪುನಃ ಬಂದಿದೆ. ನನ್ನ ಉಪ್ಪನಿಗೂ ಇತ್ತು. ನಿನಗೆ ಬಂದದ್ದು ನನ್ನಿಂದ, ನೀನು ಮುಖ ತೊಳೆಯದ್ದಕ್ಕೆ ಅಲ್ಲ. ಪೇಸ್ಟು, ಲಿಂಬೆ ಎಲ್ಲ ಬಿಡು. ಕೈಯಲ್ಲಿ ಮುಟ್ಟಬೇಡ. ನಾನು ನಿನ್ನಷ್ಟಿರುವಾಗ ಹಿಚುಕಿ ಹಿಚುಕಿ ಈ ಗುಳಿ ಮಾಡಿಕೊಂಡದ್ದು, ನೋಡು. ನಿನ್ನ ಉಮ್ಮ ಬಂದ ಕೂಡಲೇ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಾಳೆ. ನಿಧಾನಕ್ಕೆ ಗುಣ ಆಗ್ತದೆ. ನನಗೂ ಈಗ ಮದ್ದು ನಡೀತಾ ಉಂಟು."

ಅವಳು ಶಾಲನ್ನು ಮೆಲ್ಲನೆ ಕೆಳಗಿಳಿಸಿದಳು. ಕೆನ್ನೆಯಲ್ಲಿ, ಹಣೆಯಲ್ಲಿ ಕೆಂಪು ಕೆಂಪಾಗಿ ಇದ್ದವು. ಎರಡು ತಿಂಗಳಲ್ಲಿ ಮುಖ ಸ್ವಲ್ಪ ಉದ್ದವಾಗಿದೆ, ಮೂಗು ಜೊಹರಾಳ ಹಾಗೆ ಆಗುತ್ತಿದೆ.

"ಫೋನು ಹತ್ತಿರ ಹಿಡೀರಿ. ಆ ಬದಿ ತಿರುಗಿ. ಈಗ ಈ ಬದಿ" ಎಂದಳು. ಅವಳ ತುಟಿ ಅಲುಗಾಡುತ್ತಿತ್ತು, ಎಣಿಸುತ್ತಿದ್ದಳು. ಹೇಳಿದ ಹಾಗೆ ತಿರುಗಿದೆ. ಗದ್ದ ಎತ್ತಿ ಎಂದಳು, ಎತ್ತಿದೆ. ಹೋಟೆಲಿನಲ್ಲಿ ಓಡಾಡುತ್ತಿದ್ದವರು ಕಿಟಕಿಯ ಪಕ್ಕ ಮುಖ ತಿರುಗಿಸುತ್ತಾ ನಿಂತ ನನ್ನನ್ನು ನೋಡಿಕೊಂಡು ಹೋದರು.

"ಹತ್ತೊಂಬತ್ತು" ಎಂದಳು ಹಿಬಾ. "ನನಗೆ ಹನ್ನೊಂದೇ ಇರುವುದು." ಅವಳು ಸಂತೋಷವನ್ನು ಅಡಗಿಸಲು ಪ್ರಯತ್ನಿಸಲೇ ಇಲ್ಲ. "ನಾಳೆ ಶನಿವಾರ ಅಲ್ವಾ, ಬೆಳಿಗ್ಗೆ ಮಾತ್ರ ಕ್ಲಾಸು. ನಾನು ಶಾಲೆಗೆ ಹೋಗ್ತೇನೆ ಉಪ್ಪಾ."